ಲೋಟದಿಂದ ಹಿಂದಕ್ಕೆ: ಹಿತ್ತಾಳೆ ಫಿಲ್ಟರ್ ಮತ್ತು ಕಾಫಿ ಕೈಯಂತ್ರದ ದೋಷ ಹುಡುಕುವ ಬಗೆ

ಹೋದ ದೀಪಾವಳಿಯ ಹಿಂದಿನ ರಾತ್ರಿ ಹತ್ತು ಗಂಟೆಗೆ ಫಿಲ್ಟರಿಗೆ ಸುರಿದ ನೀರು, ಬೆಳಿಗ್ಗೆ ಐದಕ್ಕೆ ಎದ್ದು ನೋಡಿದಾಗ ಬಹುಪಾಲು ಮೇಲಿನ ಪಾತ್ರೆಯಲ್ಲೇ ನಿಂತಿತ್ತು. ಕೆಳಗೆ ಇಳಿದದ್ದು ನಾಲ್ಕು ಚಮಚದಷ್ಟು ಡಿಕಾಕ್ಷನ್. ಎಣ್ಣೆನೀರಿನ ಹಬ್ಬಕ್ಕೆ ಬಂದ ನೆಂಟರು ಮನೆ ತುಂಬ ಇದ್ದರು. ಫಿಲ್ಟರ್ ನಮ್ಮ ಅಜ್ಜಿಯ ಕಾಲದ್ದು, ಒಳಗೆ ಕಲಾಯಿ ಹಾಕಿದ ಹಿತ್ತಾಳೆಯದು. ಅದರ ಜೋಡಿ, ಅಡುಗೆಮನೆಯ ಮೂಲೆಯ ಹಲಗೆಗೆ ಬಿಗಿದಿರುವ ಎರಕದ ಕಬ್ಬಿಣದ ಕೈಯಂತ್ರ. ಹುರಿದ ಬೀಜ ಹಾಕಿ ಹಿಡಿ ತಿರುವಿದರೆ ಕೆಳಗಿನ ಬಟ್ಟಲಿಗೆ ಪುಡಿ ಬೀಳುತ್ತದೆ. ಕೊಪ್ಪದ ಬಳಿಯ ನಮ್ಮ ಮನೆಯಲ್ಲಿ ಈ ಎರಡೂ ಇಂದಿಗೂ ದಿನಕ್ಕೆ ಎರಡು ಹೊತ್ತು ದುಡಿಯುತ್ತವೆ.

ಅಂದು ಬೆಳಿಗ್ಗೆ ಎಲ್ಲರೂ ಕಾರಣ ಹೇಳಿದರು. ತೂತು ಕಟ್ಟಿಕೊಂಡಿದೆ, ಫಿಲ್ಟರನ್ನು ಒಲೆಯ ಮೇಲೆ ಹಿಡಿ ಎಂದರು ಅತ್ತೆ. ಪುಡಿ ನುಣ್ಣಗಾಗಿದೆ ಎಂದರು ಚಿಕ್ಕಪ್ಪ. ಚಿಕೋರಿ ಹೆಚ್ಚಾಗಿದೆ ಎಂದರು ಅಮ್ಮ. ಯಾರ ಮಾತೂ ಪೂರ್ತಿ ಸುಳ್ಳಾಗಿರಲಿಲ್ಲ. ಆದರೆ ನಿಜವಾದ ದೋಷ ಎಲ್ಲಿದೆ ಎಂದು ಹುಡುಕಲು ನನಗೆ ಮೂರು ದಿನ ಬೇಕಾಯಿತು. ಏಕೆಂದರೆ ಆ ತಿಂಗಳಲ್ಲಿ ನಾನೇ ಒಂದರ ಮೇಲೊಂದು ಮೂರು ಬದಲಾವಣೆ ಮಾಡಿ, ಜಾಡನ್ನು ಅಳಿಸಿಬಿಟ್ಟಿದ್ದೆ. ಆ ಮೂರು ದಿನಗಳಲ್ಲಿ ಕಲಿತದ್ದನ್ನು, ಅದಕ್ಕೂ ಹಿಂದಿನ ವರ್ಷಗಳ ಅನುಭವವನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ನಾನು ಈಗ ಬಿಡದೆ ಪಾಲಿಸುವ ಕ್ರಮ ಇಷ್ಟೇ. ಲೋಟದಿಂದ ಶುರುಮಾಡಿ ಹಿಂದಕ್ಕೆ ಹೋಗಬೇಕು: ಡಿಕಾಕ್ಷನ್, ಫಿಲ್ಟರ್, ಪುಡಿ, ಯಂತ್ರ, ಬೀಜ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿದ ಮೇಲೆ ಒಂದು ಸಲ ಕಾಫಿ ಇಳಿಸಿ ನೋಡಿಯೇ ಮುಂದಿನದಕ್ಕೆ ಕೈ ಹಾಕಬೇಕು. ಸೂಜಿ, ಅರ, ಸುತ್ತಿಗೆ ಇವೆಲ್ಲ ಕಟ್ಟಕಡೆಗೆ.

ಸರಿಯಿರುವಾಗ ಹೇಗಿರುತ್ತದೆ

ದೋಷ ಯಾವುದೆಂದು ತಿಳಿಯಬೇಕಾದರೆ ಸರಿ ಯಾವುದೆಂದು ಮೊದಲು ಅಳೆದಿಟ್ಟುಕೊಂಡಿರಬೇಕು. ನಮ್ಮ ಮಧ್ಯಮ ಗಾತ್ರದ ಫಿಲ್ಟರಿಗೆ 30 ಗ್ರಾಂ ಪುಡಿ, 180 ಮಿಲಿ ಲೀಟರ್ ಕುದಿಯುವ ನೀರು. ಹದ ಸರಿಯಿದ್ದರೆ 15ರಿಂದ 20 ನಿಮಿಷದಲ್ಲಿ ತೊಟ್ಟಿಕ್ಕುವುದು ನಿಲ್ಲುತ್ತದೆ. ಇಳಿಯುವ ಡಿಕಾಕ್ಷನ್ ಸುಮಾರು 120 ಮಿಲಿ ಲೀಟರ್. ಉಳಿದ 60 ಮಿಲಿ ಲೀಟರ್ ಎಲ್ಲಿ ಹೋಯಿತು ಎಂದು ಅನೇಕರು ಫಿಲ್ಟರನ್ನು ಅನುಮಾನಿಸುತ್ತಾರೆ. ಎಲ್ಲಿಗೂ ಹೋಗಿಲ್ಲ. ಕಾಫಿ ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಚರಟದ ಜೊತೆಗೆ ಅದೂ ಹೋಗುತ್ತದೆ.

ಇನ್ನೊಂದು ಸುಳ್ಳು ಅನುಮಾನ ನೀರಿನ ಕಾವಿನದು. ಎತ್ತರದ ಊರಿನಲ್ಲಿ ನೀರು ಬೇಗ ಕುದಿಯುತ್ತದೆ ಎಂಬುದು ನಿಜ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿದರೆ ಮಡಿಕೇರಿಯಲ್ಲಿ 96ರ ಆಸುಪಾಸಿನಲ್ಲೇ ಕುದಿಯುತ್ತದೆ. ಆದರೆ ಕಾಫಿಗೆ 96 ಡಿಗ್ರಿ ಧಾರಾಳವಾಗಿ ಸಾಕು. ಕಾವಿನ ತಪ್ಪು ಆಗುವುದು ಕುದಿದ ನೀರನ್ನು ಫ್ಲಾಸ್ಕಿನಲ್ಲಿಟ್ಟು ಗಂಟೆ ಕಳೆದ ಮೇಲೆ ಸುರಿದಾಗ. ಆಗ ಡಿಕಾಕ್ಷನ್ ತೆಳ್ಳಗೂ ಹುಳಿಯಾಗಿಯೂ ಇರುತ್ತದೆ. ಒಲೆಯಿಂದ ನೇರವಾಗಿ ಸುರಿದು ನೋಡಿ, ಅಲ್ಲಿಗೆ ಆ ಅನುಮಾನ ಮುಗಿಯುತ್ತದೆ.

ಹತ್ತು ಸೆಕೆಂಡಿನ ಪರೀಕ್ಷೆ

ನೀರು ಇಳಿಯುತ್ತಿಲ್ಲ ಎಂದಾಗ ಮಾಡಬೇಕಾದ ಮೊದಲ ಕೆಲಸಕ್ಕೆ ಯಾವ ಸಲಕರಣೆಯೂ ಬೇಡ. ಮೇಲಿನ ಪಾತ್ರೆಯನ್ನು ಒಂದು ಬೆರಳಿನಷ್ಟು ಮೇಲಕ್ಕೆತ್ತಿ ಹಿಡಿಯಿರಿ. ಎತ್ತಿದ ಕೂಡಲೇ ಹನಿಗಳು ಸಾಲಾಗಿ ಬೀಳತೊಡಗಿದರೆ ತೂತಿನದೂ ತಪ್ಪಿಲ್ಲ, ಪುಡಿಯದೂ ತಪ್ಪಿಲ್ಲ. ಗಾಳಿ ಕಟ್ಟಿಕೊಂಡಿದೆ, ಅಷ್ಟೇ.

ಹಳೆಯ ಫಿಲ್ಟರುಗಳಲ್ಲಿ ಮೇಲಿನ ಪಾತ್ರೆ ಕೆಳಗಿನದರ ಬಾಯಿಗೆ ಬಿಗಿಯಾಗಿ ಕೂರುವಂತೆ ಮಾಡಿರುತ್ತಾರೆ. ಡಿಕಾಕ್ಷನ್ ಕೆಳಗೆ ಇಳಿಯಬೇಕಾದರೆ ಕೆಳಗಿನ ಪಾತ್ರೆಯಲ್ಲಿರುವ ಗಾಳಿ ಹೊರಗೆ ಹೋಗಬೇಕು. ಬಿಸಿಗೆ ಆ ಗಾಳಿ ಹಿಗ್ಗುತ್ತದೆ, ಆವಿಯೂ ಸೇರುತ್ತದೆ, ಹೊರದಾರಿ ಇಲ್ಲದೆ ಮೇಲಕ್ಕೆ ಒತ್ತುತ್ತದೆ. ಹೊಸದಾಗಿ ಉಜ್ಜಿ ತೊಳೆದು ಒದ್ದೆಯಾಗಿರುವಾಗಲೇ ಜೋಡಿಸಿದರೆ, ಸಂದಿನಲ್ಲಿ ನಿಂತ ನೀರಿನ ಪದರ ಬಿರಡೆಯಂತೆ ಕೆಲಸ ಮಾಡಿ ಈ ತೊಂದರೆ ಇನ್ನೂ ಹೆಚ್ಚುತ್ತದೆ. ಪಾತ್ರೆಗಳ ಬಾಯಿ ಒರೆಸಿ ಒಣಗಿಸಿ, ಮೇಲಿನದನ್ನು ಒತ್ತದೆ ಸುಮ್ಮನೆ ಇಡಿ. ಅಷ್ಟಕ್ಕೂ ಸರಿಹೋಗದಿದ್ದರೆ, ಅಂಚಿನಲ್ಲಿ ಒಂದು ಕಡೆ ದಪ್ಪ ದಾರದ ತುಂಡನ್ನು ಸಿಕ್ಕಿಸಿ ಇಟ್ಟರೆ ಗಾಳಿಗೆ ದಾರಿ ಸಿಗುತ್ತದೆ. ಅಂಚನ್ನು ಅರದಿಂದ ಉಜ್ಜಿ ಸಡಿಲ ಮಾಡುವವರಿದ್ದಾರೆ, ದಯವಿಟ್ಟು ಬೇಡ. ಕೆಲವು ವರ್ಷ ಕಳೆದು ಹಿತ್ತಾಳೆ ಸವೆದು ಅದು ತಾನಾಗಿಯೇ ಸಡಿಲವಾಗುತ್ತದೆ.

ಖಾಲಿ ಫಿಲ್ಟರಿಗೆ ಬಿಸಿನೀರು

ಎತ್ತಿದರೂ ಹನಿ ಬೀಳಲಿಲ್ಲ ಎಂದುಕೊಳ್ಳೋಣ. ಈಗ ಮಾಡುವ ಪರೀಕ್ಷೆಯೇ ಇಡೀ ಹುಡುಕಾಟವನ್ನು ಎರಡು ಹೋಳು ಮಾಡುತ್ತದೆ. ಪುಡಿಯನ್ನೆಲ್ಲ ತೆಗೆದು, ಮೇಲಿನ ಪಾತ್ರೆಯನ್ನು ತೊಳೆದು, ಬೋಗುಣಿಯ ಮೇಲೆ ಹಿಡಿದು ಬರಿಯ ಬಿಸಿನೀರು ಸುರಿಯಿರಿ. ಒಂದು ಲೋಟ ನೀರು ಒಂದು ನಿಮಿಷದೊಳಗೆ ಸರಾಗವಾಗಿ ಹರಿದುಹೋದರೆ ಫಿಲ್ಟರ್ ನಿರ್ದೋಷಿ. ಅದನ್ನು ಒರೆಸಿ ಬದಿಗಿಟ್ಟು ಪುಡಿಯ ಕಡೆಗೆ ತಿರುಗಿ. ನೀರು ನಿಂತರೆ, ಅಥವಾ ಒಂದೇ ಬದಿಯಿಂದ ಮಾತ್ರ ಸುರಿದರೆ ತೂತುಗಳು ಕಟ್ಟಿವೆ.

ನನ್ನ ಅನುಭವದಲ್ಲಿ ಹತ್ತು ಸಲ ದೂರು ಬಂದರೆ ಏಳೆಂಟು ಸಲ ನೀರು ಸರಾಗವಾಗಿಯೇ ಹರಿಯುತ್ತದೆ. ಆದರೂ ನಮ್ಮ ಜನ ಮೊದಲು ಹಿಡಿಯುವುದು ಫಿಲ್ಟರಿನ ತಳವನ್ನೇ. ಹೀಗೆ ಸೂಜಿ ಚುಚ್ಚಿ ಚುಚ್ಚಿ ಹಾಳಾದ ಫಿಲ್ಟರುಗಳನ್ನು ಹಳೆ ಪಾತ್ರೆಯ ಅಂಗಡಿಗಳಲ್ಲಿ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ತೂತು ಕಟ್ಟಿದ್ದರೆ

ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗಿನಿಂದ ತಳವನ್ನು ನೋಡಿ. ತೆರೆದ ತೂತುಗಳು ಚುಕ್ಕೆ ಚುಕ್ಕೆಯಾಗಿ ಹೊಳೆಯುತ್ತವೆ, ಕಟ್ಟಿದ ಕಡೆ ಕಪ್ಪು ತೇಪೆ ಕಾಣುತ್ತದೆ. ಯಾವುದರಿಂದ ಕಟ್ಟಿದೆ ಎಂಬುದು ಮುಂದಿನ ಪ್ರಶ್ನೆ, ಏಕೆಂದರೆ ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ.

ಬೆರಳಿನಿಂದ ಉಜ್ಜಿದಾಗ ಕಂದು ಬಣ್ಣದ ಜಿಡ್ಡು ಅಂಟಿದರೆ ಅದು ಕಾಫಿಯ ಎಣ್ಣೆ ಮತ್ತು ನುಣ್ಣನೆಯ ಪುಡಿ ಸೇರಿ ಒಣಗಿದ್ದು. ಅಡುಗೆ ಸೋಡಾ ಎರಡು ಚಮಚ ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು, ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ಹೊರಗಿನಿಂದ ಒಳಕ್ಕೆ ಉಜ್ಜಿ. ಒಳಗಿನಿಂದ ಹೊರಕ್ಕೆ ಉಜ್ಜಿದರೆ ಕೊಳೆ ತೂತಿನೊಳಗೇ ನಾಟಿಕೊಳ್ಳುತ್ತದೆ. ಬಟ್ಟೆ ಸೋಡಾ ಇನ್ನೂ ಬೇಗ ಕೆಲಸ ಮಾಡುತ್ತದೆ, ಆದರೆ ಅದರ ಕ್ಷಾರ ಕಲಾಯಿಯನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನಂತೂ ಕಪ್ಪಾಗಿಸುತ್ತದೆ. ಸ್ಟೀಲ್ ಫಿಲ್ಟರಿಗೆ ಮಾತ್ರ ಅದನ್ನು ಬಳಸಿ.

ಜಿಡ್ಡಿಲ್ಲದೆ, ಉಗುರಿಗೆ ಗರಗರ ಎನ್ನುವ ಬೂದು ಅಥವಾ ಬಿಳಿ ಪದರ ಇದ್ದರೆ ಅದು ಗಡಸು ನೀರಿನ ಸುಣ್ಣ. ಬಯಲುಸೀಮೆಯ ಕೊಳವೆಬಾವಿ ನೀರು ಬಳಸುವ ಮನೆಗಳಲ್ಲಿ ಇದೇ ಹೆಚ್ಚು. ಇದಕ್ಕೆ ಸೋಡಾ ಏನೂ ಮಾಡುವುದಿಲ್ಲ, ಹುಳಿ ಬೇಕು. ಹುಣಸೆಹಣ್ಣಿನ ನೀರು ಅಥವಾ ನಿಂಬೆರಸ ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ಸಾಕು. ರಾತ್ರಿಯಿಡೀ ನೆನೆಸಬೇಡಿ. ಕಲಾಯಿ ಸವೆದ ಕಡೆ ಹುಳಿ ಹಿತ್ತಾಳೆಯನ್ನೇ ಕರಗಿಸುತ್ತದೆ. ಆಮೇಲೆ ಎರಡು ಮೂರು ಸಲ ಬಿಸಿನೀರಿನಿಂದ ತೊಳೆಯಿರಿ.

ಇನ್ನು ಒಲೆಯ ಉರಿಗೆ ಹಿಡಿಯುವ ವಿಚಾರ. ಸ್ಟೀಲ್ ಫಿಲ್ಟರಿನ ತಳವನ್ನು ಗ್ಯಾಸಿನ ಉರಿಯ ಮೇಲೆ ಹಿಡಿದು ಕಟ್ಟಿದ ಪುಡಿಯನ್ನು ಸುಟ್ಟು ಉದುರಿಸುವುದು ನಮ್ಮ ಮನೆಗಳಲ್ಲಿ ರೂಢಿ. ಸ್ಟೀಲಿಗೆ ಅದು ನಡೆಯುತ್ತದೆ. ಕಲಾಯಿ ಹಾಕಿದ ಹಿತ್ತಾಳೆಗೆ ಎಂದೂ ನಡೆಯುವುದಿಲ್ಲ. ಕಲಾಯಿ ಎಂದರೆ ತವರ, ಅದು ಕರಗುವುದು 232 ಡಿಗ್ರಿಗೆ. ಖಾಲಿ ಪಾತ್ರೆಯನ್ನು ಗ್ಯಾಸಿನ ಉರಿಗೆ ಹಿಡಿದರೆ ಆ ಕಾವು ಬರಲು ಹೆಚ್ಚು ಹೊತ್ತು ಬೇಡ. ಕೆಲವು ವರ್ಷಗಳ ಹಿಂದೆ ನಾನು ಹೀಗೆ ಹಿಡಿದಾಗ ಒಳಗಿನ ಬೆಳ್ಳಿಬಣ್ಣದ ಹೊಳಪು ನನ್ನ ಕಣ್ಣೆದುರೇ ನೀರಾಗಿ, ಸಣ್ಣ ಸಣ್ಣ ಮಣಿಗಳಾಗಿ ತೂತುಗಳ ಮೇಲೆ ಬಂದು ಕೂತಿತು. ಕೊಳೆಯಿಂದ ಕಟ್ಟಿದ್ದ ತೂತು ಲೋಹದಿಂದ ಕಟ್ಟಿಕೊಂಡಿತು. ಅಜ್ಜಿ ಅರವತ್ತು ವರ್ಷ ಜೋಪಾನ ಮಾಡಿದ ಪಾತ್ರೆ ಅದು.

ಅದನ್ನು ಉಳಿಸಿಕೊಟ್ಟವರು ಕಲಾಯಿ ಹಾಕುವ ಹಿರಿಯರೊಬ್ಬರು. ತಿದಿ ಒತ್ತಿ ಇದ್ದಿಲು ಕೆಂಡ ಮಾಡಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒರೆಸಿದರು. ತಳವನ್ನು ಮಾತ್ರ ಬಿಸಿಯಿರುವಾಗಲೇ ಮಗುಚಿ ಮರದ ತುಂಡಿನ ಮೇಲೆ ಎರಡು ಸಲ ತಟ್ಟಿದರು. ತೂತುಗಳಲ್ಲಿ ನಿಂತಿದ್ದ ತವರ ಉದುರಿಹೋಯಿತು. ನೀವು ಫಿಲ್ಟರಿಗೆ ಕಲಾಯಿ ಹಾಕಿಸುವಾಗ ಇದನ್ನು ಹೇಳಿ ಮಾಡಿಸಿ, ಮನೆಗೆ ತರುವ ಮುನ್ನ ಅಲ್ಲಿಯೇ ಬೆಳಕಿಗೆ ಹಿಡಿದು ನೋಡಿ. ಸೀಸ ಬೆರೆಸದ ಶುದ್ಧ ತವರವೇ ಬೇಕೆಂದು ಕೇಳಲು ಸಂಕೋಚ ಪಡಬೇಡಿ.

ತೂತು ಸರಿ, ಪುಡಿಯ ತಪ್ಪು

ಪುಡಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉಜ್ಜಿ. ಚಿರೋಟಿ ರವೆಗಿಂತ ಸ್ವಲ್ಪ ನುಣ್ಣಗೆ, ಆದರೂ ಕಾಳು ಕಾಳು ಎಂದು ಬೆರಳಿಗೆ ತಿಳಿಯುವಂತಿದ್ದರೆ ಹದ ಸರಿ. ಮೈದಾದಂತೆ ಜಾರಿ ಬೆರಳಿನ ಗೆರೆಗಳಲ್ಲಿ ತುಂಬಿಕೊಂಡರೆ ಅತಿ ನುಣುಪು. ಒದ್ದೆಯಾದಾಗ ಅದು ಕೆಸರಿನಂತೆ ಕೂತು ನೀರನ್ನು ತಡೆಯುತ್ತದೆ. ಸಂಶಯವಿದ್ದರೆ ಒಂದು ಚಮಚ ಪುಡಿಯನ್ನು ಮೈದಾ ಜರಡಿಯಲ್ಲಿ ಆಡಿಸಿ ನೋಡಿ. ಅರ್ಧಕ್ಕಿಂತ ಹೆಚ್ಚು ಕೆಳಗೆ ಬಿದ್ದರೆ ಯಂತ್ರದ ಹದ ಬದಲಿಸಬೇಕು.

ಚಿಕೋರಿಯ ಪಾತ್ರ ದೊಡ್ಡದು. ಅದು ಒಂದು ಜಾತಿಯ ಬೇರು, ಹುರಿದು ಪುಡಿ ಮಾಡಿದ್ದು. ಬಿಸಿನೀರು ತಾಗಿದಾಗ ಕಾಫಿ ಪುಡಿ ತನ್ನ ಆಕಾರ ಉಳಿಸಿಕೊಳ್ಳುತ್ತದೆ, ಚಿಕೋರಿ ಮೆತ್ತಗಾಗಿ ಊದಿಕೊಳ್ಳುತ್ತದೆ. ಅಂಗಡಿಯಲ್ಲಿ 80ಕ್ಕೆ 20 ಎಂದು ಬೆರೆಸಿಕೊಳ್ಳುತ್ತಿದ್ದವರು 60ಕ್ಕೆ 40 ಮಾಡಿದರೆ, ಬೇರೇನೂ ಬದಲಿಸದಿದ್ದರೂ, ಇಳಿಯುವ ಹೊತ್ತು ಬಹಳ ಹೆಚ್ಚುತ್ತದೆ. ಸಿದ್ಧ ಪುಡಿಯ ಪೊಟ್ಟಣ ತಂದವರು ಅದರ ಮೇಲೆ ಬರೆದಿರುವ ಚಿಕೋರಿಯ ಪ್ರಮಾಣ ಓದಿ. ಕಾನೂನಿನ ಪ್ರಕಾರ ಬೆರಕೆಯಲ್ಲಿ ಕಾಫಿ ಕನಿಷ್ಠ 51 ಶೇಕಡ ಇರಬೇಕು. ಎಂದರೆ 49 ಶೇಕಡದವರೆಗೆ ಚಿಕೋರಿ ಇರಬಹುದು. ಪರೀಕ್ಷೆಗೆ ಒಂದು ಸಲ ಚಿಕೋರಿ ಇಲ್ಲದ ಪುಡಿಯನ್ನು ಅದೇ ಫಿಲ್ಟರಿನಲ್ಲಿ ಇಳಿಸಿ. ಸರಾಗವಾಗಿ ಇಳಿದರೆ ಉತ್ತರ ಸಿಕ್ಕಿತು.

ಮೂರನೆಯದು ಒತ್ತುವ ಬಿಲ್ಲೆ, ನಡುವೆ ಹಿಡಿಯಿರುವ ತೂತಿನ ತಟ್ಟೆ. ಹೆಸರಿನಲ್ಲೇ ಒತ್ತುವುದು ಇರುವುದರಿಂದ ಜನ ಶಕ್ತಿ ಹಾಕಿ ಒತ್ತುತ್ತಾರೆ. ಪುಡಿಯನ್ನು ಸಮತಟ್ಟಾಗಿಸುವುದು ಮತ್ತು ಸುರಿದ ನೀರು ಒಂದೇ ಕಡೆ ಗುಂಡಿ ಕೊರೆಯದಂತೆ ಹರಡುವುದು ಅದರ ಕೆಲಸ. ಅದರ ಭಾರದಷ್ಟೇ ಒತ್ತಡ ಸಾಕು.

ಆಗತಾನೇ ಹುರಿದ ಬೀಜದ ಪುಡಿಯಾದರೆ ನೀರು ಸುರಿದಾಗ ಬುಸುಬುಸು ನೊರೆ ಎದ್ದು ಬಿಲ್ಲೆಯನ್ನೇ ಎತ್ತಿಬಿಡುತ್ತದೆ. ಹುರಿದ ಬೀಜದೊಳಗೆ ಉಳಿದಿರುವ ಇಂಗಾಲದ ಡೈಆಕ್ಸೈಡ್ ಅದು. ಮೊದಲು ಎರಡು ಚಮಚ ನೀರು ಹಾಕಿ ಅರ್ಧ ನಿಮಿಷ ಬಿಟ್ಟು ಉಳಿದದ್ದನ್ನು ಸುರಿಯಿರಿ, ಅಥವಾ ಹುರಿದ ಬೀಜಕ್ಕೆ ಒಂದೆರಡು ದಿನ ವಿಶ್ರಾಂತಿ ಕೊಡಿ.

ಬೇಗ ಇಳಿದು ನೀರಾಗಿದ್ದರೆ

ಐದು ನಿಮಿಷದೊಳಗೆ ಎಲ್ಲವೂ ಇಳಿದು, ಡಿಕಾಕ್ಷನ್ ಚಹಾದ ಬಣ್ಣಕ್ಕಿದ್ದರೆ ಪುಡಿ ದಪ್ಪವಾಗಿದೆ ಅಥವಾ ಕಡಿಮೆಯಾಗಿದೆ. ಹೊರದೇಶದಲ್ಲಿರುವ ನೆಂಟರು ಇದೇ ದೂರು ಹೇಳುವುದುಂಟು. ಅಲ್ಲಿ ಅಂಗಡಿಯ ಪುಡಿ ಬೇರೆ ಬಗೆಯ ಯಂತ್ರಗಳಿಗೆಂದು ದಪ್ಪವಾಗಿ ಅರೆದದ್ದು, ನಮ್ಮ ಫಿಲ್ಟರಿನಲ್ಲಿ ಅದು ನಿಲ್ಲುವುದೇ ಇಲ್ಲ. ಪುಡಿಯೂ ಅಳತೆಯೂ ಸರಿಯಿದ್ದರೆ ತಳದ ತೂತುಗಳನ್ನು ನೋಡಿ. ಹಿಂದೆ ಯಾರಾದರೂ ಸೂಜಿಯಿಂದ ಹಿಗ್ಗಿಸಿದ್ದರೆ ಬೆಳಕಿಗೆ ಹಿಡಿದಾಗ ಒಂದೊಂದು ಚುಕ್ಕೆ ಉಳಿದವಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಂಥ ಫಿಲ್ಟರಿನ ತಳಕ್ಕೆ ತೆಳುವಾದ ಹತ್ತಿ ಬಟ್ಟೆಯ ದುಂಡನೆಯ ತುಂಡನ್ನು ಹಾಸಿ ಬಳಸಬಹುದು.

ಇಲ್ಲಿ ಒಂದು ಎಚ್ಚರಿಕೆ. ತೆಳ್ಳಗಿನ ಡಿಕಾಕ್ಷನ್‌ಗೆ ಚಿಕೋರಿ ಸೇರಿಸಿ ಬಣ್ಣ ತರಿಸಬೇಡಿ. ಚಿಕೋರಿ ನೀರಿನಲ್ಲಿ ಕಾಫಿಗಿಂತ ಹೆಚ್ಚು ಕರಗುತ್ತದೆ, ಬಣ್ಣವೂ ಕಡು. ಲೋಟ ನೋಡಿದರೆ ದೋಷ ಹೋದಂತೆ ಕಾಣುತ್ತದೆ, ಆದರೆ ಅದು ಯಂತ್ರದಲ್ಲಿ ಹಾಗೆಯೇ ಇರುತ್ತದೆ. ನಾನು ಮಾಡಿದ ಮೊದಲ ತಪ್ಪು ಇದೇ.

ಕೈಯಂತ್ರದ ಕಡೆಗೆ

ಕೈಯಂತ್ರದ ಒಳಗನ್ನು ಅರಿಯಲು ಬೀಸುಕಲ್ಲನ್ನು ನೆನೆಸಿಕೊಂಡರೆ ಸಾಕು. ಎರಡು ಕಲ್ಲುಗಳ ಬದಲಿಗೆ ಹಲ್ಲು ಮೂಡಿಸಿದ ಎರಡು ಲೋಹದ ಬಿಲ್ಲೆಗಳು. ಒಂದು ಒಡಲಿಗೆ ಕಚ್ಚಿ ನಿಂತಿರುತ್ತದೆ, ಇನ್ನೊಂದು ಹಿಡಿಯ ಜೊತೆ ತಿರುಗುತ್ತದೆ. ಅವುಗಳ ನಡುವಿನ ಸಂದು ಎಷ್ಟೋ ಪುಡಿಯ ದಪ್ಪ ಅಷ್ಟು. ಆ ಸಂದನ್ನು ಹಿಗ್ಗಿಸಿ ಕುಗ್ಗಿಸಲು ಒಂದು ತಿರುಪು, ತಿರುಪು ಜರುಗದಂತೆ ಹಿಡಿಯಲು ಒಂದು ಬಿಗಿ ನಟ್ಟು. ಮನೆಮಂದಿಯೆಲ್ಲ ಮರೆಯುವುದು ಈ ಬಿಗಿ ನಟ್ಟನ್ನು.

ಬಿಚ್ಚುವ ಮುನ್ನ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಚಿತ್ರ ತೆಗೆಯಿರಿ. ತಿರುಪು ಮತ್ತು ಒಡಲಿನ ಮೇಲೆ ಅಡ್ಡಲಾಗಿ ಪೆನ್ಸಿಲ್ ಗೆರೆ ಎಳೆಯಿರಿ, ಜೋಡಿಸುವಾಗ ಹಿಂದಿನ ಜಾಗ ತಿಳಿಯುತ್ತದೆ. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಹಳೆಯ ಪತ್ರಿಕೆಯ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಇಡಿ. ತುಕ್ಕು ಹಿಡಿದ ನಟ್ಟಿನೊಂದಿಗೆ ಗುದ್ದಾಡಬೇಡಿ, ತುಕ್ಕು ಬಿಡಿಸುವ ಎಣ್ಣೆಯ ನಾಲ್ಕು ಹನಿ ಹಾಕಿ ಒಂದು ರಾತ್ರಿ ಬಿಡಿ, ಕೆಲಸ ಮುಗಿದ ಮೇಲೆ ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ. ಎರಕದ ಕಬ್ಬಿಣ ಬಾಗುವುದಿಲ್ಲ, ಏಟು ಬಿದ್ದರೆ ಸೀಳುತ್ತದೆ.

ಹಿಡಿ ತಿರುಗುತ್ತದೆ, ಪುಡಿ ಬೀಳುವುದಿಲ್ಲ ಎಂಬುದಾದರೆ ಮೊದಲು ಬೀಜ ಹಾಕುವ ಮೇಲಿನ ಬಟ್ಟಲಿನೊಳಗೆ ಇಣುಕಿ. ಕಪ್ಪಗೆ ಹುರಿದು ಎಣ್ಣೆ ಒಸರುವ ಬೀಜಗಳು ಒಂದಕ್ಕೊಂದು ಅಂಟಿ ಕಮಾನು ಕಟ್ಟಿಕೊಂಡು ನಿಲ್ಲುತ್ತವೆ, ಕೆಳಗೆ ಜಾಗ ಖಾಲಿ ಇರುತ್ತದೆ. ಬಟ್ಟಲನ್ನು ಒಣಬಟ್ಟೆಯಿಂದ ಒರೆಸಿ, ಸ್ವಲ್ಪ ಸ್ವಲ್ಪವೇ ಬೀಜ ಹಾಕಿದರೆ ಸರಿಹೋಗುತ್ತದೆ. ಬೀಜ ಕೆಳಗಿಳಿದೂ ಅರೆಯದಿದ್ದರೆ ಹಿಡಿ ತಿರುಗುವಾಗ ಒಳಗಿನ ಬಿಲ್ಲೆ ತಿರುಗುತ್ತಿದೆಯೇ ನೋಡಿ. ಹಿಡಿಯನ್ನು ಅಚ್ಚಿಗೆ, ಎಂದರೆ ಬಿಲ್ಲೆಯನ್ನು ತಿರುಗಿಸುವ ದಂಡಕ್ಕೆ, ಕಚ್ಚಿಸುವ ಸಣ್ಣ ತಿರುಪು ಸಡಿಲವಾದರೆ ಹಿಡಿ ಮಾತ್ರ ತಿರುಗುತ್ತದೆ.

ಹಿಡಿ ಭಾರವಾಗಿದ್ದರೆ ಯಂತ್ರವನ್ನು ದೂರುವ ಮೊದಲು ಒಂದು ಬೀಜವನ್ನು ಕಚ್ಚಿ ನೋಡಿ. ಕಟಕ್ಕೆಂದು ಒಡೆದರೆ ಬೀಜ ಸರಿ. ಕಲ್ಲಿನಂತಿದ್ದರೆ ಹುರಿದದ್ದು ಸಾಲದು. ಮೆತ್ತಗೆ ಬಾಗಿದಂತಾದರೆ ತೇವ ಹಿಡಿದಿದೆ, ಮಲೆನಾಡಿನ ಆಷಾಢದ ಮಳೆಯಲ್ಲಿ ಡಬ್ಬಿಯ ಮುಚ್ಚಳ ಅರ್ಧ ದಿನ ತೆರೆದಿದ್ದರೂ ಹೀಗಾಗುತ್ತದೆ. ತೇವದ ಬೀಜ ಪುಡಿಯಾಗದೆ ಹಲ್ಲುಗಳ ನಡುವೆ ಮೆತ್ತಿಕೊಳ್ಳುತ್ತದೆ. ಸಣ್ಣ ಉರಿಯ ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಅರೆಯಿರಿ. ಬೀಜ ಚೆನ್ನಾಗಿದ್ದೂ ಖಾಲಿ ಯಂತ್ರವೇ ಬಿಗಿಯಾಗಿ ತಿರುಗಿದರೆ ಅಚ್ಚು ಕೂರುವ ಕಡೆ ಎಣ್ಣೆ ಗಟ್ಟಿಯಾಗಿದೆ. ನಮ್ಮ ಕಡೆ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ, ಅದನ್ನೇ ಬಿಡುತ್ತಾರೆ. ಅದು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಮಾರ್ಗಶಿರದ ಬೆಳಗಿನ ಜಾವ ಹಿಡಿ ಜಗ್ಗದೆ, ಮಧ್ಯಾಹ್ನ ಸಲೀಸಾಗಿ ತಿರುಗುವ ಯಂತ್ರದ ಗುಟ್ಟು ಇಷ್ಟೇ. ಹಳೆಯದಾದಂತೆ ಆ ಎಣ್ಣೆ ಕಮಟಿ ಪುಡಿಗೂ ವಾಸನೆ ಹಿಡಿಸುತ್ತದೆ. ಆಹಾರದ ಯಂತ್ರಗಳಿಗೆಂದೇ ಸಿಗುವ ಖನಿಜ ಎಣ್ಣೆ ಹೊರಬದಿಗೆ ಒಂದೇ ಒಂದು ಹನಿ ಸಾಕು, ಹಲ್ಲುಗಳ ಕಡೆಗೆ ಹೋಗಬಾರದು.

ತಿರುವುತ್ತಿರುವಾಗ ಕಟ್ ಎಂದು ನಿಂತುಬಿಟ್ಟರೆ ಮುಂದಕ್ಕೆ ಒತ್ತಲೇಬೇಡಿ. ಅದು ಕಲ್ಲು. ಕಾಫಿ ಹಣ್ಣು ಒಣಗುವುದು ಕಣದಲ್ಲಿ, ಬೀಜದಷ್ಟೇ ಗಾತ್ರದ ಕಲ್ಲು ಬೀಜದ ಜೊತೆಗೇ ಬರುತ್ತದೆ, ಹುರಿದ ಮೇಲೆ ಬಣ್ಣದಲ್ಲೂ ಗುರುತು ಸಿಗುವುದಿಲ್ಲ. ಹಿಡಿಯನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, ಬಟ್ಟಲು ಬರಿದು ಮಾಡಿ, ತಿರುಪು ಪೂರ್ತಿ ಸಡಿಲಿಸಿ ಕಲ್ಲನ್ನು ಉದುರಿಸಿ. ಅಕ್ಕಿ ಆರಿಸುವಂತೆ ಮೊರದಲ್ಲಿ ಬೀಜವನ್ನೂ ಆರಿಸುವ ಅಜ್ಜಿಯ ಅಭ್ಯಾಸಕ್ಕೆ ಕಾರಣ ಇದೇ ಎಂದು ನನಗೆ ತಿಳಿದದ್ದು ಒಂದು ಹಲ್ಲು ಮುರಿದ ಮೇಲೆ.

ಪುಡಿಯಲ್ಲಿ ಮೈದಾದಷ್ಟು ನುಣುಪೂ ತರಿಯೂ ಒಟ್ಟಿಗೆ ಬಂದರೆ ವಿಷಯ ಗಂಭೀರ. ಹಿಡಿಯನ್ನು ಹಿಡಿದು ಅಚ್ಚನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಕಟಕಟ ಎಂದು ಆಡಿದರೆ ಅಚ್ಚು ಕೂರುವ ರಂಧ್ರ ಸವೆದಿದೆ. ತಿರುಗುವ ಬಿಲ್ಲೆ ಓರೆಯಾಗಿ, ಒಂದು ಬದಿ ಸಂದು ಕಿರಿದು, ಇನ್ನೊಂದು ಬದಿ ಅಗಲ. ಎಷ್ಟು ತಿರುಪು ತಿರುಗಿಸಿದರೂ ಇದು ಸರಿಹೋಗುವುದಿಲ್ಲ, ಏಕೆಂದರೆ ಸಂದು ಒಂದೇ ಸಮ ಇಲ್ಲ. ಲೇತ್ ಕೆಲಸ ಮಾಡುವವರಲ್ಲಿ ಒಯ್ದು ಒಳಗೆ ಹಿತ್ತಾಳೆಯ ಅಥವಾ ಕಂಚಿನ ಬಳೆ ಕೂರಿಸಿಕೊಳ್ಳಬೇಕು. ನಮ್ಮ ಯಂತ್ರಕ್ಕೆ ಅರ್ಧ ದಿನದಲ್ಲಿ ಮಾಡಿಕೊಟ್ಟರು.

ಅಚ್ಚು ಅಲ್ಲಾಡದಿದ್ದರೆ ಹಲ್ಲುಗಳನ್ನು ನೋಡಿ. ಅಂಚಿನ ಮೇಲೆ ಉಗುರು ಎಳೆದರೆ ಸಣ್ಣಗೆ ಹೆರೆಯಬೇಕು. ನುಣ್ಣಗೆ ಜಾರಿದರೆ, ಅಂಚು ಬೆಳಕಿಗೆ ಮಿಂಚಿದರೆ ಮೊಂಡಾಗಿದೆ. ಬೀಸುಕಲ್ಲು ನುಣುಪಾದಾಗ ಉಳಿಯಿಂದ ಕಟೆಸಿದಂತೆ ಇದನ್ನು ಕಟೆಸಲಾಗದು, ಬಿಲ್ಲೆಗಳ ಜೋಡಿಯನ್ನೇ ಬದಲಿಸಬೇಕು. ಯಂತ್ರದ ಮೇಲೆ ಎರಕದಲ್ಲೇ ಮೂಡಿಸಿದ ಕಂಪನಿಯ ಹೆಸರು ಮತ್ತು ಗಾತ್ರದ ಅಂಕಿ ಇದ್ದರೆ ಬರೆದಿಟ್ಟುಕೊಳ್ಳಿ. ಅದೇ ಗಾತ್ರದ ಇನ್ನೊಂದು ಹಾಳಾದ ಯಂತ್ರದಿಂದ ಬಿಲ್ಲೆ ಪಡೆಯುವುದೇ ಈಗ ಸುಲಭದ ದಾರಿ.

ಮತ್ತೆ ಜೋಡಿಸಿದ ಮೇಲೆ ಸಂದು ಹೊಂದಿಸುವುದು ಹೀಗೆ. ಯಂತ್ರ ಖಾಲಿ ಇರಲಿ. ಹಿಡಿಯನ್ನು ನಿಧಾನವಾಗಿ ತಿರುವುತ್ತ ತಿರುಪನ್ನು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಲೋಹಕ್ಕೆ ಲೋಹ ತಾಗುವ ಸಣ್ಣ ಶಬ್ದ ಕೇಳಿದ ಜಾಗ ಸೊನ್ನೆ. ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ ಬನ್ನಿ, ಒಂದು ಹಿಡಿ ಬೀಜ ಅರೆದು ಬೆರಳಿನಲ್ಲಿ ಉಜ್ಜಿ ನೋಡಿ. ಮುಂದಿನ ಬದಲಾವಣೆ ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚಾಗಬಾರದು. ಹದ ಸಿಕ್ಕಿದ ಮೇಲೆ ಬಿಗಿ ನಟ್ಟನ್ನು ಬಿಗಿದು, ತಿರುಪು ಅದರೊಂದಿಗೆ ಜರುಗಿಲ್ಲವೆಂದು ಪೆನ್ಸಿಲ್ ಗೆರೆ ನೋಡಿ ಖಚಿತಪಡಿಸಿಕೊಳ್ಳಿ. ಮೊದಲ ಎರಡು ಹಿಡಿ ಪುಡಿಯನ್ನು ಚೆಲ್ಲಿ. ಅಯಸ್ಕಾಂತವನ್ನು ಪುಡಿಯಲ್ಲಿ ಆಡಿಸಿದರೆ ಕಬ್ಬಿಣದ ಧೂಳು ಅಂಟುತ್ತದೆಯೇ ಎಂದು ಗೊತ್ತಾಗುತ್ತದೆ. ಪ್ರತಿ ಸಲವೂ ಅಂಟುತ್ತಿದ್ದರೆ ಬಿಲ್ಲೆಗಳು ಒಂದಕ್ಕೊಂದು ಉಜ್ಜುತ್ತಿವೆ.

ಒಳಭಾಗವನ್ನು ನೀರಿನಿಂದ ತೊಳೆಯಬೇಡಿ. ಹಸಿ ಅಕ್ಕಿ ಅರೆದು ಶುಚಿ ಮಾಡುವ ರೂಢಿಯೂ ನನಗೆ ಒಪ್ಪಿಗೆಯಿಲ್ಲ, ಅಕ್ಕಿ ಹುರಿದ ಕಾಫಿ ಬೀಜಕ್ಕಿಂತ ಬಹಳ ಗಟ್ಟಿ. ತೆಳು ಅವಲಕ್ಕಿಯನ್ನು ಗರಿಗರಿಯಾಗಿ ಹುರಿದು ಆರಿಸಿ ಒಂದು ಹಿಡಿ ಅರೆದರೆ ಹಲ್ಲುಗಳ ಎಣ್ಣೆಯೆಲ್ಲ ಅದಕ್ಕೆ ಅಂಟಿ ಬರುತ್ತದೆ.

ರುಚಿಯ ದೂರುಗಳು

ಲೋಹದ ರುಚಿ ಬಂದರೆ ಎರಡು ಕಡೆ ನೋಡಿ. ಪಾತ್ರೆಯ ಒಳಗೆ ಹಳದಿ ಹಿತ್ತಾಳೆ ಕಾಣುತ್ತಿದ್ದರೆ ಅಥವಾ ಅಂಚಿನಲ್ಲಿ ಹಸಿರು ಕಿಲುಬು ಇದ್ದರೆ ಕಲಾಯಿ ಹಾಕಿಸುವವರೆಗೆ ಅದರಲ್ಲಿ ಕಾಫಿ ಇಳಿಸಲೇಬಾರದು. ಡಿಕಾಕ್ಷನ್ ಹುಳಿ ಗುಣದ್ದು, ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಕಲಾಯಿ ಚೆನ್ನಾಗಿದ್ದರೂ ಇಳಿದದ್ದನ್ನು ಸ್ಟೀಲ್ ಪಾತ್ರೆಗೆ ಬಗ್ಗಿಸಿಡಿ. ಪಾತ್ರೆ ಸರಿಯಿದ್ದರೆ ಮೇಲೆ ಹೇಳಿದ ಅಯಸ್ಕಾಂತದ ಪರೀಕ್ಷೆ. ಕಮಟು ವಾಸನೆಗೆ ಯಂತ್ರದ ಹಳೆಯ ಪುಡಿ ಕಾರಣ. ಹಿಂದಿನ ದಿನದ ಡಿಕಾಕ್ಷನ್‌ಗೆ ಹಾಲು ಒಡೆದರೆ ಡಿಕಾಕ್ಷನ್ ಹುಳಿಯಾಗಿದೆ ಅಥವಾ ಹಾಲು ಹಳತಾಗಿದೆ, ಫಿಲ್ಟರಿಗೆ ಸಂಬಂಧವಿಲ್ಲ.

ಹಳೆಯ ಫಿಲ್ಟರಿನ ತಳದ ಸುತ್ತ ಬೂದುಬಣ್ಣದ ದಪ್ಪ ಬೆಸುಗೆ ಕಂಡರೆ ಅದನ್ನು ಬಳಸುವುದನ್ನು ನಿಲ್ಲಿಸಿ. ಬೀದಿಬದಿಯ ಬೆಸುಗೆಯಲ್ಲಿ ಸೀಸ ಇರುವುದು ಸಾಮಾನ್ಯ, ಬಿಸಿ ಕಾಫಿ ಹರಿಯುವ ಜಾಗದಲ್ಲಿ ಅದು ಇರಕೂಡದು. ಹಿತ್ತಾಳೆಯ ಬೆಸುಗೆಯಿಂದ ಮತ್ತೆ ಮಾಡಿಸಿ ಅಥವಾ ಫಿಲ್ಟರನ್ನು ದೇವರ ಮನೆಯ ಹೂವಿನ ಬುಟ್ಟಿಯ ಪಕ್ಕಕ್ಕೆ ಇಟ್ಟುಬಿಡಿ.

ದೀಪಾವಳಿಯ ಬೆಳಿಗ್ಗೆ ಆದದ್ದು

ಮೇಲಿನ ಪಾತ್ರೆ ಎತ್ತಿದೆ, ಹನಿ ಬೀಳಲಿಲ್ಲ. ಖಾಲಿ ಫಿಲ್ಟರಿನಲ್ಲಿ ಬಿಸಿನೀರು ಸುರಿದೆ, ಅರ್ಧ ನಿಮಿಷದಲ್ಲಿ ಹರಿದುಹೋಯಿತು. ಪುಡಿ ಬೆರಳಿನಲ್ಲಿ ಮೈದಾದಂತೆ ಜಾರಿತು. ಯಂತ್ರದ ತಿರುಪು ನೋಡಿದರೆ ಬಿಗಿ ನಟ್ಟೇ ಇರಲಿಲ್ಲ. ಯಾವಾಗಲೋ ಕಳಚಿ ಬಿದ್ದು, ಗುಡಿಸುವಾಗ ಹೋಗಿತ್ತು.

ಆಮೇಲೆ ಕೂತು ನೆನಪಿಸಿಕೊಂಡಾಗ ಇಡೀ ತಿಂಗಳು ಸಾಲಾಗಿ ಕಂಡಿತು. ನಟ್ಟು ಹೋದ ಮೇಲೆ ಅರೆಯುವ ಅದುರಿಗೆ ತಿರುಪು ದಿನಕ್ಕಿಷ್ಟು ಸಡಿಲವಾಗಿ ಪುಡಿ ದಪ್ಪವಾಗುತ್ತ ಬಂದಿತ್ತು, ಡಿಕಾಕ್ಷನ್ ನೀರಾಗಿತ್ತು. ನಾನು ಚಿಕೋರಿ ಹೆಚ್ಚಿಸಿದೆ. ಸಾಲದೆ ಬಿಲ್ಲೆಯನ್ನು ಬಲವಾಗಿ ಒತ್ತತೊಡಗಿದೆ. ಹಬ್ಬದ ಹಿಂದಿನ ಸಂಜೆ ನೆಂಟರಿಗೆ ಗಟ್ಟಿ ಕಾಫಿ ಕೊಡಬೇಕೆಂದು ತಿರುಪನ್ನು ಎರಡು ಸುತ್ತು ಬಿಗಿದೆ. ಮೂರೂ ಸೇರಿ ಆ ರಾತ್ರಿ ಫಿಲ್ಟರನ್ನು ಮುಚ್ಚಿದವು.

ಹಬ್ಬ ಮುಗಿದು ಅಂಗಡಿ ತೆರೆದ ಮೇಲೆ ತಿರುಪಿನ ಅಳತೆಗೆ ಹೊಂದುವ ನಟ್ಟು ತಂದೆ, ಅಡಿಗೊಂದು ವಾಷರ್ ಹಾಕಿದೆ. ಸೊನ್ನೆ ಹುಡುಕಿ ಸಂದು ಹೊಂದಿಸಿ ಬಿಗಿದೆ. ಚಿಕೋರಿಯನ್ನು ಹಿಂದಿನ ಅಳತೆಗೆ ತಂದೆ, ಬಿಲ್ಲೆಯನ್ನು ಸುಮ್ಮನೆ ಇಟ್ಟೆ. ಮೊದಲ ಸಲ 11 ನಿಮಿಷಕ್ಕೆ ಇಳಿಯಿತು, ತುಸು ತೆಳು. ತಿರುಪನ್ನು ಎಂಟನೇ ಒಂದು ಸುತ್ತು ಒಳಗೆ ತಂದೆ. ಎರಡನೆಯ ಸಲ 18 ನಿಮಿಷ. ಆ ಲೋಟವನ್ನು ಅತ್ತೆಗೆ ಕೊಟ್ಟೆ, ಅವರು ಕುಡಿದು ಇನ್ನರ್ಧ ಲೋಟ ಕೇಳಿದರು. ತಿರುಪಿನ ಜಾಗಕ್ಕೆ ಕೆಂಪು ಬಣ್ಣದ ಒಂದು ಚುಕ್ಕೆ ಇಟ್ಟಿದ್ದೇನೆ, ಈಗ ಬೀಜ ಹಾಕುವ ಮುನ್ನ ಮನೆಯ ಎಲ್ಲರೂ ಮೊದಲು ಅದನ್ನು ನೋಡುತ್ತಾರೆ.